ಗಾಳಿ ಸೋಸುವ ಮಷೀನು, ನಮ್ಮವ್ವಂದಿರ ಒಲೆ



ಬರಹ ಸ್ವಲ್ಪ ಉದ್ದ ಅದೆ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ. ಓದಕ್ಕೆ ಬಾರದ ಅವ್ವಂದಿರಿಗೆ, ಅಕ್ಕಂದಿರಿಗೆ ಓದಿ ಹೇಳಿ. ಯಾಕಂದ್ರೆ ಇದು ಅವರ ಎದೆಗೂಡಿನ ವಿಷಯ.

ಗುಂಡ್ಲುಪೇಟೆ ಕಡೆಯ ನಮ್ಮ ಹುಡುಗನೊಬ್ಬ ಬೆಂಗಳೂರಲ್ಲಿ ಕೆಲಸಕ್ಕಿದ್ದಾನೆ. ಫೋನ್ ಮಾಡಿ ಕೇಳ್ದ: "ಅಣ್ಣ, ಅವ್ವನಿಗೆ ಗೂರಲು ಜಾಸ್ತಿ ಆಗದೆ. ಊರ ಮನೆಗೆ ಒಂದು ಏರ್ ಪ್ಯೂರಿಫೈಯರ್ ತಂದು ಹಾಕನ ಅಂತಿದ್ದೀನಿ. ಯಾವುದು ಒಳ್ಳೇದು?" ನಾನು ತಿರುಗಿ ಕೇಳಿದ್ದು ಒಂದೇ ಮಾತು: "ಅವ್ವ ಅಡುಗೆ ಯಾವುದರಲ್ಲಿ ಮಾಡ್ತಾರಪ್ಪ?" ಅವನಂದ: "ಸೌದೆ ಒಲೇಲಿ ಅಣ್ಣ. ಗ್ಯಾಸ್ ಅದೆ, ಟೀ ಕಾಯ್ಸಕ್ಕೆ ಮಾತ್ರ."

ಅವನ ಕಾಳಜಿ ದೊಡ್ಡದು. ಆದರೆ ಅವನಿಗೆ ಕೊಡಬೇಕಾದ ಉತ್ತರ ಒಂದು ಮನೆಗೆ ಮುಗಿಯುವಂಥದ್ದಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಆ ಮಷೀನಿನ ವಿಷಯ ಸರಿಯಾಗಿ ತಿಳ್ಕೊಳ್ಳೋಣ. ಅದೇನೂ ಮೋಸದ ವಸ್ತುವಲ್ಲ. ಒಳಗೊಂದು ಫ್ಯಾನು, ಅದರ ಜೊತೆಗೆ ಮಡಿಕೆ ಮಡಿಕೆಯಾಗಿ ಮಡಚಿಟ್ಟ ನಾರಿನ ಫಿಲ್ಟರು. ಅದಕ್ಕೆ ಹೆಪಾ ಅಂತಾರೆ. 1940ರ ದಶಕದಲ್ಲಿ ಅಮೆರಿಕದವರು ಅಣುಬಾಂಬ್ ತಯಾರಿಸುವಾಗ ವಿಕಿರಣದ ದೂಳು ಹಿಡಿಯಲು ಈ ಬಗೆಯ ಫಿಲ್ಟರ್ ಮಾಡಿಕೊಂಡರು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿದಿಟ್ಟರೆ ಮಾತ್ರ ಅದಕ್ಕೆ ಹೆಪಾ ಅನ್ನುವ ಹೆಸರು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಅಂದ್ರೆ ಒಂದು ಕೂದಲನ್ನು ಇನ್ನೂರು ಸೀಳು ಸೀಳಿದರೂ ಆ ಕಣದಷ್ಟು ಸಣ್ಣದಾಗಲ್ಲ. ಸೌದೆ ಹೊಗೆಯಲ್ಲಿರುವ ಕಣಗಳು ಬಹುಪಾಲು ಈ ಜಾತಿಯವೇ. ಮೂಗಿನ ಕೂದಲಿಗೆ ಸಿಕ್ಕಲ್ಲ, ಗಂಟಲಲ್ಲಿ ನಿಲ್ಲಲ್ಲ, ನೇರ ಶ್ವಾಸಕೋಶದ ತುದಿಗೆ ಹೋಗಿ ಕೂರುತ್ತವೆ.

ಹಂಗಾದ್ರೆ ಮಷೀನು ತಂದು ಇಟ್ಟುಬಿಟ್ಟರೆ ಆಯ್ತಲ್ಲ? ಆಗಲ್ಲ. ಮೂರು ಕಾರಣ ಅದೆ.

ಒಂದು, ಅದು ಕೆಲಸ ಮಾಡಬೇಕಂದ್ರೆ ಕೋಣೆಯ ಬಾಗಿಲು, ಕಿಟಕಿ ಮುಚ್ಚಿರಬೇಕು. ನಮ್ಮ ಕೇರಿಯ ಹೆಂಚಿನ ಮನೆ, ಶೀಟಿನ ಮನೆಗಳಲ್ಲಿ ಸೂರಿಗೂ ಗೋಡೆಗೂ ನಡುವೆ ಕೈ ತೂರುವಷ್ಟು ಸಂದು. ಹಗಲೆಲ್ಲ ಬಾಗಿಲು ತೆಗೆದೇ ಇರುತ್ತೆ. ಹಾಗಂತ ಸಂದು ಮುಚ್ಚಿ, ಬಾಗಿಲು ಹಾಕಿ, ಒಳಗೆ ಒಲೆಯನ್ನೋ ಕೆಂಡವನ್ನೋ ಉರಿಸಿದಿರೋ, ಜೀವಕ್ಕೇ ಅಪಾಯ. ಉರಿ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಅನಿಲ ಬಿಡುತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೆಪಾ ಹಿಡಿಯೋದು ಕಣವನ್ನು, ಅನಿಲವನ್ನಲ್ಲ. ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಿ.

ಎರಡು, ಒಲೆ ಉರಿಯುವಷ್ಟು ಹೊತ್ತೂ ಹೊಗೆ ಹುಟ್ಟುತ್ತಲೇ ಇರುತ್ತೆ. ಮಷೀನು ಸೋಸುವುದಕ್ಕಿಂತ ಬೇಗ ಒಲೆ ತುಂಬುತ್ತೆ. ಒಡೆದ ಕೊಳಾಯಿ ನಿಲ್ಲಿಸದೆ ನೆಲ ಒರೆಸುತ್ತಾ ಕೂತಂಗೆ. ಇಲ್ಲಣ ಹಿಡಿದು ಫಿಲ್ಟರ್ ಬೇಗ ಕಪ್ಪಾಗುತ್ತೆ, ಹೊಸದಕ್ಕೆ ಮತ್ತೆ ಸಾವಿರಾರು ರೂಪಾಯಿ. ಆ ದುಡ್ಡಲ್ಲಿ ಎಷ್ಟು ಸಿಲಿಂಡರ್ ಬರುತ್ತೆ, ನೀವೇ ಲೆಕ್ಕ ಹಾಕಿ.

ಮೂರು, ಕರೆಂಟು. ಅದರ ಬಗ್ಗೆ ನಮ್ಮ ತಾಲ್ಲೂಕಿನವರಿಗೆ ನಾನು ಹೇಳಬೇಕಾದ್ದು ಏನೂ ಇಲ್ಲ.

ಹೊಗೆ ಇಲ್ಲದ, ಮುಚ್ಚಿದ, ಕರೆಂಟಿರುವ ಕೋಣೆಯಲ್ಲಿ ಈ ಮಷೀನು ಚಿನ್ನದಂಥ ಕೆಲಸ ಮಾಡುತ್ತೆ. ಅಂಥ ಕೋಣೆಗಳು ಯಾರ ಹತ್ರ ಇವೆ? 2014ರಿಂದ 2017ರ ನಡುವೆ ಪ್ರಧಾನಿ ಕಚೇರಿ ಮತ್ತು ಕೇಂದ್ರದ ಕೆಲವು ಇಲಾಖೆಗಳಿಗೆ 140 ಏರ್ ಪ್ಯೂರಿಫೈಯರ್ ಕೊಂಡಿದ್ದರು, ಸುಮಾರು 36 ಲಕ್ಷ ರೂಪಾಯಿ ಖರ್ಚು ಮಾಡಿದ್ದರು ಅಂತ ರಾಯಿಟರ್ಸ್ ಸುದ್ದಿಸಂಸ್ಥೆ 2018ರಲ್ಲಿ ವರದಿ ಮಾಡಿತು. ಕೊಳ್ಳಲಿ, ಅಲ್ಲಿ ಕೂತವರಿಗೂ ಶ್ವಾಸಕೋಶ ಅದೆ. ಆದರೆ ದೆಹಲಿಯ ಹೊಗೆ ಚಳಿಗಾಲ ಬಂತು ಅಂದ್ರೆ ಟೀವಿಯ ತುಂಬಾ. ನಮ್ಮವ್ವಂದಿರ ಅಡುಗೆಮನೆಯ ಹೊಗೆ ವರ್ಷದ 365 ದಿನವೂ ಇದ್ದರೂ ಯಾವ ಟೀವಿಯಲ್ಲೂ ಬರಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2020ರ ಒಂದೇ ವರ್ಷ ಮನೆಯೊಳಗಿನ ಹೊಗೆಯಿಂದ ಜಗತ್ತಿನಲ್ಲಿ 32 ಲಕ್ಷ ಜನ ಸತ್ತಿದ್ದಾರೆ. ಅದರಲ್ಲಿ 2.37 ಲಕ್ಷ ಐದು ವರ್ಷದೊಳಗಿನ ಮಕ್ಕಳು.

ಜಗತ್ತಿನ ಲೆಕ್ಕ ದೂರ ಅನ್ನಿಸಿದರೆ ಪಕ್ಕದ ಮೈಸೂರಿನ ಲೆಕ್ಕ ಕೇಳಿ. ಮೈಸೂರು ಜಿಲ್ಲೆಯ ಹಳ್ಳಿಗಳ ಹೆಂಗಸರನ್ನು ಪರೀಕ್ಷೆ ಮಾಡಿ ಅಲ್ಲಿನ ವೈದ್ಯರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲೆಕ್ಕ ಬಹಳ ಸುಲಭ. ದಿನಕ್ಕೆ ಎಷ್ಟು ಗಂಟೆ ಸೌದೆ ಒಲೆ ಮುಂದೆ ಕೂರುತ್ತೀರಿ? ಅದನ್ನು ಎಷ್ಟು ವರ್ಷದಿಂದ ಕೂತಿದ್ದೀರಿ ಅನ್ನೋದರಿಂದ ಗುಣಿಸಿ. ಬಂದ ಅಂಕಿ 60 ಮುಟ್ಟಿತು ಅಂದ್ರೆ, ವರ್ಷಗಟ್ಟಲೆ ಬಿಡದ ಕಫ-ಕೆಮ್ಮಲಿನ ಕಾಯಿಲೆ, ಅಂದ್ರೆ ಕ್ರಾನಿಕ್ ಬ್ರಾಂಕೈಟಿಸ್, ಬರುವ ಅಪಾಯ ಎದ್ದು ಕಾಣುವಷ್ಟು ಹೆಚ್ಚುತ್ತೆ ಅಂತ ಅವರು ಕಂಡುಕೊಂಡರು.

ಈಗ ನಮ್ಮ ಕೇರಿಯ ಒಬ್ಬ ಹೆಣ್ಣುಮಗಳನ್ನು ತಗೊಳ್ಳಿ. ಹದಿನಾರಕ್ಕೆ ಒಲೆ ಮುಂದೆ ಕೂತಳು ಅಂತಿಟ್ಕೊಳ್ಳಿ. ಬೆಳಗ್ಗೆ ಎರಡು ಗಂಟೆ, ಸಂಜೆ ಎರಡು ಗಂಟೆ. ನಾಲ್ಕು ಗಂಟೆ, ಹದಿನೈದು ವರ್ಷ, 60 ಆಯ್ತು. ಅವಳಿಗೆ ಆಗ ವಯಸ್ಸು 31. ಮಗ ಇನ್ನೂ ಹೈಸ್ಕೂಲು ಮುಟ್ಟಿರಲ್ಲ. ಬೀಡಿ ಸೇದಿಲ್ಲ, ಸಿಗರೇಟು ಮುಟ್ಟಿಲ್ಲ, ಮಾಡಿದ ತಪ್ಪು ಅಂದ್ರೆ ಮನೆಮಂದಿಗೆ ಮುದ್ದೆ ಬೇಯಿಸಿದ್ದು.

ಐವತ್ತು ದಾಟಿದ ಅವ್ವಂದಿರು ನಮ್ಮ ಕೇರಿಗಳಲ್ಲಿ ಮಾತಿನ ಮಧ್ಯೆ ನಿಲ್ಲಿಸಿ ಉಸಿರು ತಗೊಳ್ಳೋದನ್ನ ನೋಡಿದ್ದೀರಲ್ಲ? "ವಯಸ್ಸಾಯ್ತು ಕನಪ್ಪ" ಅಂತಾರೆ. ಅದು ವಯಸ್ಸಲ್ಲ ಅವ್ವ. ಒಲೆ.

"ಉಜ್ವಲದಲ್ಲಿ ಗ್ಯಾಸ್ ಕೊಟ್ಟವ್ರಲ್ಲ, ಇನ್ನೇನು?" ಅಂತ ಕೇಳೋರು ಇದ್ದಾರೆ. ಕೊಟ್ಟಿದ್ದಾರೆ, ಇಲ್ಲ ಅನ್ನಲ್ಲ. 2016ರ ಮೇ 1ರಂದು ಉಜ್ವಲ ಶುರುವಾಯ್ತು. ನಮ್ಮ ಭಾಗದಲ್ಲಂತೂ ಅದಕ್ಕೂ ಮುಂಚೆಯೇ ಕೃಪಾಕರ-ಸೇನಾನಿಯವರು ಕಟ್ಟಿದ 'ನಮ್ಮ ಸಂಘ' ಬಂಡೀಪುರದ ಅಂಚಿನ ಹಳ್ಳಿಗಳಿಗೆ ಗ್ಯಾಸ್ ತಲುಪಿಸಲು ದುಡಿಯಿತು. ಸೌದೆಗೆ ಕಾಡಿಗೆ ಹೋಗೋದು ನಿಂತರೆ ಕಾಡೂ ಉಳಿಯುತ್ತೆ, ಆನೆ ಹುಲಿ ಬಾಯಿಗೆ ಜನ ಸಿಕ್ಕೋದೂ ತಪ್ಪುತ್ತೆ ಅನ್ನೋ ಲೆಕ್ಕಾಚಾರ. ಒಳ್ಳೆಯ ಕೆಲಸ, ನೆನೆಯಬೇಕು. ಆದರೆ ಸರ್ಕಾರದ ಕಡತದಲ್ಲಿ ಕಾಡಂಚಿನ ಸೌದೆ ಇವತ್ತಿಗೂ ಅರಣ್ಯ ಇಲಾಖೆಯ ವಿಷಯ. ಸೌದೆ ಹೊತ್ತ ಹೆಂಗಸನ್ನು ಗಾರ್ಡು ತಡೆಯೋದು ಮರದ ಲೆಕ್ಕಕ್ಕೆ. ಅವಳ ಎದೆಯ ಲೆಕ್ಕಕ್ಕೆ ತಡೆಯೋ ಇಲಾಖೆ ಯಾವುದು?

ಸಿಲಿಂಡರ್ ಮನೆಗೆ ಬರೋದು ಬೇರೆ, ಅದು ತಿಂಗಳು ತಿಂಗಳು ತುಂಬೋದು ಬೇರೆ. ಕೇಂದ್ರ ಸರ್ಕಾರವೇ ಕೊಟ್ಟ ಲೆಕ್ಕ ಇದು: ಉಜ್ವಲದ ಒಂದು ಮನೆ 2019-20ರಲ್ಲಿ ಸರಾಸರಿ 3 ಸಿಲಿಂಡರ್ ತುಂಬಿಸಿತು. 2024-25ರಲ್ಲಿ ಅದು ಸುಮಾರು ನಾಲ್ಕೂವರೆಗೆ ಏರಿತು. ಪೂರ್ತಿ ಗ್ಯಾಸಲ್ಲೇ ಬೇಯಿಸುವ ಐದು ಜನರ ಮನೆಗೆ ತಿಂಗಳಿಗೆ ಹತ್ತಿರ ಹತ್ತಿರ ಒಂದು ಬೇಕು. ಉಳಿದ ಏಳೆಂಟು ತಿಂಗಳು ಅಡುಗೆ ಯಾವುದರಲ್ಲಿ? ಹತ್ತಿ ಕಡ್ಡಿಯಲ್ಲಿ, ಜೋಳದ ದಂಟಲ್ಲಿ, ತೆಂಗಿನ ಗರಿಯಲ್ಲಿ, ಬೆರಣಿಯಲ್ಲಿ, ಕಾಡಂಚಿನ ಲಂಟಾನದಲ್ಲಿ.

ಉಜ್ವಲದವರಿಗೆ 300 ರೂಪಾಯಿ ಸಬ್ಸಿಡಿ ಅದೆ, ನಿಜ. ಆದರೆ ಮೊದಲು ಪೂರ್ತಿ ದುಡ್ಡು ಎಣಿಸಿಕೊಡಬೇಕು, ಆಮೇಲೆ ಖಾತೆಗೆ ಬೀಳೋದು. ಕೂಲಿ ಮಾಡೋ ಮನೆಯಲ್ಲಿ ಎಂಟುನೂರು, ಒಂಬೈನೂರು ಒಟ್ಟಿಗೆ ಎಲ್ಲಿರುತ್ತೆ? ಸೌದೆಗೆ ದುಡ್ಡಿಲ್ಲ, ಹೆಂಗಸಿನ ಬೆನ್ನು ಸಾಕು. ಅವಳ ಬೆನ್ನಿಗೆ ಬೆಲೆ ಕಟ್ಟೋರು ಯಾರೂ ಇಲ್ಲದ್ದರಿಂದಲೇ ಸೌದೆ 'ಪುಕ್ಕಟೆ'.

ಕೆಲವು ನಮ್ಮ ಗಂಡಸರು ಹೇಳ್ತಾರೆ: "ಸೌದೆ ಒಲೆ ಮುದ್ದೆ ರುಚಿನೇ ಬೇರೆ ಕನಣ್ಣ, ಅವರಾಗೇ ಗ್ಯಾಸ್ ಒಲ್ಲೆ ಅಂತಾರೆ." ರುಚಿ ನಿಜವೇ ಇರಬಹುದು. ಆದರೆ ರುಚಿ ನೋಡೋರು ಜಗಲಿಯಲ್ಲಿ ಕೂತಿರ್ತಾರೆ, ಊದುಕೊಳವೆ ಹಿಡಿದೋರು ಒಳಗಿರ್ತಾರೆ. ಇನ್ನು 'ಅವರಾಗೇ ಒಲ್ಲೆ ಅಂತಾರೆ' ಅನ್ನೋ ಮಾತಿಗೆ ತಮಿಳುನಾಡಿನ ಹಳ್ಳಿಗಳಲ್ಲಿ ಉತ್ತರ ಸಿಕ್ಕಿದೆ. ಭಾರತ, ಗ್ವಾಟೆಮಾಲಾ, ಪೆರು, ರುವಾಂಡಾ, ಈ ನಾಲ್ಕು ದೇಶಗಳ ಬಡ ಹಳ್ಳಿಗಳಲ್ಲಿ 'ಹ್ಯಾಪಿನ್' ಅನ್ನೋ ದೊಡ್ಡ ಅಧ್ಯಯನ ನಡೆಯಿತು. 3,200 ಗರ್ಭಿಣಿಯರಲ್ಲಿ ಅರ್ಧ ಜನರಿಗೆ ಗ್ಯಾಸ್ ಒಲೆ ಕೊಟ್ಟು, 18 ತಿಂಗಳು ಸಿಲಿಂಡರನ್ನು ಪುಕ್ಕಟೆ ಮನೆಬಾಗಿಲಿಗೆ ತಲುಪಿಸಿದರು. ಏನಾಯ್ತು? ಹೆಚ್ಚುಕಡಿಮೆ ಎಲ್ಲರೂ ಸೌದೆ ಒಲೆ ಬಿಟ್ಟರು. ಅವರ ಉಸಿರಿಗೆ ಹೋಗುವ ಸಣ್ಣ ಕಣಗಳು ಮೂರರಲ್ಲೊಂದು ಪಾಲಿಗೆ ಇಳಿದವು. ರುಚಿ ಅಡ್ಡ ಬರಲಿಲ್ಲ, ಇಷ್ಟು ದಿನ ಅಡ್ಡ ಬಂದದ್ದು ರೇಟು.

ಅದೇ ಅಧ್ಯಯನದ ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಹುಟ್ಟಿದ ಮಕ್ಕಳ ತೂಕದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಇದನ್ನೇ ಹಿಡಿದು 'ನೋಡಿ, ಗ್ಯಾಸಿಂದ ಏನೂ ಪ್ರಯೋಜನ ಇಲ್ಲ' ಅನ್ನೋರು ಬರ್ತಾರೆ. ಅದಕ್ಕೆ ನನ್ನ ಉತ್ತರ: ಬಸುರಿಯ ಊಟ, ರಕ್ತಹೀನತೆ, ದುಡಿಮೆ, ಮನೆ ಹೊರಗಿನ ಗಾಳಿ ಎಲ್ಲ ಹಾಗೇ ಇರುವಾಗ ಒಲೆ ಒಂದೇ ಬದಲಾದರೆ ಎಲ್ಲ ಸರಿಹೋಗಲ್ಲ. ಹಾಗಂತ ಹೆಂಗಸು ಹೊಗೆ ಕುಡಿಯುತ್ತಲೇ ಇರಲಿ ಅಂತ ಆಗುತ್ತಾ? ಮಗುವಿನ ತೂಕ ಹೆಚ್ಚಿಸಿದರೆ ಮಾತ್ರ ಅವಳ ಉಸಿರಿಗೆ ಬೆಲೆಯಾ?

ಗ್ಯಾಸ್ ಬಿಟ್ಟರೆ ಬೇರೆ ದಾರಿಯೇ ಇಲ್ಲ ಅಂತಲೂ ಅಲ್ಲ. ನಮ್ಮ ರಾಜ್ಯದಲ್ಲೇ ಹುಟ್ಟಿದ ಒಂದು ಒಲೆ ಅದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗಾಗಿ 'ಅಸ್ತ್ರ' ಅನ್ನೋ ಕೇಂದ್ರ ಶುರುಮಾಡಿದರು. ಅಲ್ಲಿ 1980ರ ದಶಕದಲ್ಲಿ ರೂಪಿಸಿದ್ದೇ 'ಅಸ್ತ್ರ ಒಲೆ'. ಮೂರು ಪಾತ್ರೆ ಇಡಬಹುದು, ಸೌದೆ ಕಡಿಮೆ ಸಾಕು, ಹೊಗೆ ಕೊಳವೆಯಲ್ಲಿ ಚಾವಣಿ ಮೇಲಕ್ಕೆ ಹೋಗುತ್ತೆ. ವಯಸ್ಸಾದವರಿಗೆ ನೆನಪಿರಬಹುದು, ಕೆಲವು ಮನೆಗಳಲ್ಲಿ ಕಟ್ಟಿಸಿದ್ದರು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಕೇಂದ್ರ ಸರ್ಕಾರ 2002ರ ಹೊತ್ತಿಗೆ ನಿಲ್ಲಿಸಿತು. ಒಲೆ ಕಟ್ಟೋಕೆ ಸರ್ಕಾರ ಬಂತು, ಕೊಳವೆಯಲ್ಲಿ ಇಲ್ಲಣ ಕಟ್ಟಿಕೊಂಡಾಗ, ಒಲೆ ಬಿರುಕು ಬಿಟ್ಟಾಗ ಕೇಳೋರು ಇರಲಿಲ್ಲ. ಈ ಮಾತು ಒಲೆಗೂ ನಿಜ, ಸಿಲಿಂಡರಿಗೂ ನಿಜ, ಏರ್ ಪ್ಯೂರಿಫೈಯರಿಗೂ ನಿಜ: ಕೊಟ್ಟು ಫೋಟೋ ತೆಗೆಸಿಕೊಳ್ಳೋದು ಸುಲಭ, ನಡೆಸಿಕೊಂಡು ಹೋಗೋ ಖರ್ಚು ಹೊರೋದು ಕಷ್ಟ.

ಇನ್ನು ಮನೆಯ ಮಾತು. ಊರ ಮನೆಗಳಿಗೆ ಹಿತ್ತಲು ಅದೆ, ನಡುಮನೆ ಅದೆ, ಅಡುಗೆಗೆ ಬೇರೆ ಕೋಣೆ ಅದೆ. ನಮ್ಮ ಕೇರಿಯಲ್ಲಿ? ಗೋಡೆಗೆ ಗೋಡೆ ಅಂಟಿಕೊಂಡ ಮನೆ. ಅಣ್ಣ ತಮ್ಮ ಪಾಲಾದಾಗ ಅದೇ ಜಾಗಕ್ಕೆ ಇನ್ನೊಂದು ಗೋಡೆ. ಕಿಟಕಿ ಇಡೋಣ ಅಂದ್ರೆ ಪಕ್ಕದ ಮನೆಯ ಗೋಡೆಯೇ ನಮ್ಮ ಗೋಡೆ. ಅಡುಗೆ ಮಾಡೋ ಜಾಗದಲ್ಲೇ ಮಲಗೋದು, ಮಕ್ಕಳು ಓದೋದು, ಬಾಣಂತಿ ಕೂಸು ಇಟ್ಕೊಂಡು ಕೂರೋದು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ನಿಯಮದಲ್ಲಿ ಮನೆ ಕನಿಷ್ಠ 25 ಚದರ ಮೀಟರ್, ಅಂದ್ರೆ ಸುಮಾರು 270 ಚದರಡಿ ಇರಬೇಕು. ಅಡುಗೆಯ ಜಾಗವೂ ಅದರೊಳಗೇ. ಸಣ್ಣದಾಗಲಿ, ಮನೆ ಅಂತ ಒಂದಾಯ್ತಲ್ಲ ಅಂತಾರೆ. ಆದರೆ ಆ ನಕ್ಷೆ ಪಾಸು ಮಾಡೋ ಎಂಜಿನಿಯರು ಹೊಗೆ ಎಲ್ಲಿಂದ ಹೊರಗೆ ಹೋಗುತ್ತೆ ಅಂತ ಒಂದು ಸಲ ಕೇಳಿದ್ದಾರಾ? ತಳಪಾಯ, ಲಿಂಟಲ್, ಚಾವಣಿ ಅಂತ ಹಂತಹಂತಕ್ಕೂ ಫೋಟೋ ತೆಗೆದು ಬಿಲ್ಲು ಮಾಡ್ತಾರೆ. ಅಡುಗೆ ಮೂಲೆಯ ಕಿಟಕಿಗೂ ಒಂದು ಫೋಟೋ ಕಡ್ಡಾಯ ಮಾಡಲಿ ನೋಡೋಣ.

ಅಸ್ಪೃಶ್ಯರು ಊರಿಂದ ಬೇರೆಯಾಗಿ, ಅಶುಭ ಅನ್ನೋ ದಕ್ಷಿಣ ದಿಕ್ಕಿನಲ್ಲಿ ಇರಬೇಕು ಅನ್ನೋ ಊರಿನ ಕಟ್ಟಳೆಯನ್ನು ಬಾಬಾಸಾಹೇಬರು ಬರೆದಿಟ್ಟಿದ್ದಾರೆ. ಜಾತಿ ನಮಗೆ ಜಾಗ ಕೊಟ್ಟ ರೀತಿ ಅದು. ಜಾಗ ಕಡಿಮೆ ಆದಾಗ ಗಾಳಿಯೂ ಕಡಿಮೆಯೇ ಆಗುತ್ತೆ. ಮನೆಯೊಳಗಿನ ಗಾಳಿ ಅನ್ನೋದು ಹೆಂಗಸರ ಚಿಲ್ಲರೆ ಸಮಸ್ಯೆಯಲ್ಲ, ಅದು ಭೂಮಿಯ ಪ್ರಶ್ನೆ, ಜಾತಿಯ ಪ್ರಶ್ನೆ.

ಹಾಗಾದ್ರೆ ಆ ಮಷೀನು ನಮಗೆ ಬೇಡವೇ ಬೇಡವಾ? ಬೇಕು. ಹೊಗೆ ನಮ್ಮ ಒಲೆಯಿಂದ ಬಂದರೆ ಒಲೆ ಬದಲಿಸಬಹುದು. ದೂಳು ಬೇರೆಯವರ ಗಣಿಯಿಂದ ಬಂದರೆ? ಬೇಗೂರು, ಹಿರೀಕಾಟಿ ಕಡೆ ಬಿಳಿಕಲ್ಲು, ಚಾಮರಾಜನಗರ ತಾಲ್ಲೂಕಲ್ಲಿ ಕರಿಕಲ್ಲು. 2022ರ ಮಾರ್ಚಲ್ಲಿ ಮಡಹಳ್ಳಿಯ ಗುಮ್ಮಕಲ್ಲು ಗುಡ್ಡ ಕುಸಿದು ಕಾರ್ಮಿಕರು ಸತ್ತಾಗ ಎಲ್ಲ ಕ್ಯಾಮೆರಾ ಅಲ್ಲಿಗೆ ಬಂದವು. ಗುಡ್ಡ ಕುಸಿದರೆ ಸುದ್ದಿ. ಕಲ್ಲುದೂಳು ಒಳಗೆ ಸೇರಿ ಎದೆ ಕುಸಿದರೆ ಸುದ್ದಿಯಲ್ಲ. ಬಿಳಿಕಲ್ಲಿನ ದೂಳಲ್ಲಿ ಸಿಲಿಕಾ ಇರುತ್ತೆ. ಅದು ತರೋ ಸಿಲಿಕೋಸಿಸ್ ಕಾಯಿಲೆಗೆ ಇವತ್ತಿಗೂ ವಾಸಿ ಮಾಡೋ ಮದ್ದಿಲ್ಲ. ಕೋರೆಯಲ್ಲಿ ದುಡಿದವನು ಬಟ್ಟೆಯಲ್ಲಿ, ತಲೆಯಲ್ಲಿ ಅದೇ ದೂಳು ಹೊತ್ತು ಮನೆಗೆ ಬರ್ತಾನೆ, ಮಗು ಓಡಿಬಂದು ಅಪ್ಪಿಕೊಳ್ಳುತ್ತೆ.

ಕ್ರಷರ್ ಸುತ್ತಲಿನ ಅಂಗನವಾಡಿ, ಶಾಲೆ, ಆರೋಗ್ಯ ಕೇಂದ್ರ, ಅಲ್ಲಿ ಹೆಪಾ ಫಿಲ್ಟರ್ ಇರಬೇಕು. ಅದಕ್ಕೆ ದುಡ್ಡೂ ಅದೆ. ಗಣಿಗಾರಿಕೆಯಿಂದ ತೊಂದರೆಯಾದ ಜನರಿಗಾಗಿಯೇ 2015ರ ಕಾಯ್ದೆ ತಿದ್ದುಪಡಿಯಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದ್ದಾರೆ. ಆರೋಗ್ಯ, ಮಾಲಿನ್ಯ ತಡೆ ಎರಡೂ ಅದರ ಮುಖ್ಯ ಬಾಬ್ತು. ಫಿಲ್ಟರ್ ಬದಲಿಸುವ ಖರ್ಚೂ ಅಲ್ಲಿಂದಲೇ ಬರಲಿ. ಜೊತೆಗೆ ಕ್ರಷರಿಗೆ ನೀರು ಸಿಂಪಡಿಸೋದು, ಬೆಲ್ಟಿಗೆ ಮುಚ್ಚಿಗೆ ಹಾಕೋದು ಮಾಲೀಕನ ಜವಾಬ್ದಾರಿ. ಅದನ್ನು ಬಿಟ್ಟು ಮಷೀನು ಮಾತ್ರ ಕೊಟ್ಟರೆ ಒಪ್ಪಬೇಡಿ.

ದುಬಾರಿ ಮಷೀನೇ ಬೇಕಂತಲೂ ಇಲ್ಲ. 2020ರಲ್ಲಿ ಅಮೆರಿಕದ ರಿಚರ್ಡ್ ಕೋರ್ಸಿ, ಜಿಮ್ ರೋಸೆಂಥಾಲ್ ಅನ್ನೋರು ಒಂದು ಫ್ಯಾನಿನ ಸುತ್ತ ನಾಲ್ಕೈದು ಫಿಲ್ಟರ್ ಜೋಡಿಸಿ ಟೇಪು ಸುತ್ತಿ ಡಬ್ಬ ಮಾಡಿ ತೋರಿಸಿದರು. ಆ ಫಿಲ್ಟರು ಹೆಪಾದಷ್ಟು ಬಿಗಿಯಿಲ್ಲ, ಆದರೆ ಗಾಳಿ ಹೆಚ್ಚು ಎಳೆಯೋದರಿಂದ ಕೋಣೆ ಶುದ್ಧ ಮಾಡೋದರಲ್ಲಿ ಹಿಂದೆ ಬೀಳಲ್ಲ. ಐಟಿಐ, ಡಿಪ್ಲೊಮಾ ಓದ್ತಿರೋ ನಮ್ಮ ಹುಡುಗರು ಹುಡುಗೀರು ಇದನ್ನು ಕಟ್ಟಬಲ್ಲರು.

ಸರ್ಕಾರ ಮಾಡೋವರೆಗೂ ಕಾಯಬೇಕಿಲ್ಲ, ಇವತ್ತೇ ಮನೆಯಲ್ಲಿ ಮಾಡಬಹುದಾದ್ದು ಇಷ್ಟು:

👉 ಗ್ಯಾಸ್ ಸ್ವಲ್ಪವೇ ಇದ್ದರೆ ಅದು ಹೊತ್ತು ಹಿಡಿಯೋ ಅಡುಗೆಗೆ ಇರಲಿ. ಟೀಗಲ್ಲ, ಬೇಳೆಗೆ, ಮುದ್ದೆಗೆ.
👉 ಸ್ನಾನದ ನೀರಿನ ಒಲೆ ಮನೆಯೊಳಗೆ ಬೇಡ, ಹೊರಗೆ ಇರಲಿ.
👉 ಹಸಿ ಸೌದೆ ಒಳಗೆ ತರಬೇಡಿ. ಪ್ಲಾಸ್ಟಿಕ್ ಹಾಕಿ ಒಲೆ ಹಚ್ಚಬೇಡಿ.
👉 ಒಲೆ ಮೇಲಿನ ಒಂದೆರಡು ಹೆಂಚು ಎತ್ತಿ ಹೊಗೆಗೆ ದಾರಿ ಮಾಡಿ. ಎದುರು ಬದುರು ಬಾಗಿಲು ಕಿಟಕಿ ತೆಗೆಯಿರಿ.
👉 ಒಲೆ ಉರಿಯುವಾಗ ಕೂಸು, ಬಸುರಿ, ಗೂರಲಿನವರು ಹೊರಗಿರಲಿ.
👉 ಸೊಳ್ಳೆ ಬತ್ತಿ ಬಿಟ್ಟು ಪರದೆ ಕಟ್ಟಿ. ಒಂದು ಬತ್ತಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಸಣ್ಣ ಕಣ ಬಿಡುತ್ತೆ ಅಂತ 2003ರ ಅಧ್ಯಯನ ಹೇಳಿದೆ.
👉 ಕೋರೆ ಕೆಲಸದವರು ಹೊರಗೇ ಬಟ್ಟೆ ಬಿಚ್ಚಿ, ಕೈಕಾಲು ತಲೆ ತೊಳೆದು ಒಳಗೆ ಬನ್ನಿ.
👉 ಗಂಡಸರೇ, ವಾರಕ್ಕೆ ಒಂದು ದಿನ ಒಲೆ ಮುಂದೆ ನೀವು ಕೂರಿ. ಸಿಲಿಂಡರಿಗೆ ದುಡ್ಡು ತಾನಾಗೇ ಹೊರಡುತ್ತೆ.

ಇನ್ನು ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ. ಗ್ರಾಮಸಭೆಯಲ್ಲಿ ಎದ್ದು ನಿಂತು ಬರೆಸಿ, ನಡಾವಳಿ ಪುಸ್ತಕದಲ್ಲಿ ಬರೆದರಾ ಅಂತ ನೋಡಿ ಸಹಿ ಮಾಡಿ:

✊ ಪರಿಶಿಷ್ಟ ಜಾತಿ, ಪಂಗಡದ ಬಡ ಮನೆಗಳಿಗೆ ವರ್ಷಕ್ಕೆ 12 ಸಿಲಿಂಡರ್. ಸಬ್ಸಿಡಿ ಕಳೆದು ಉಳಿದದ್ದನ್ನು ಮಾತ್ರ ಕಟ್ಟಿಸಿಕೊಳ್ಳಬೇಕು. ಬಾಕಿ ಹೊರೆ 2013ರ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆಯ ಹಣದಿಂದ. ಆ ಹಣ ನಮ್ಮದು, ನಮ್ಮ ಉಸಿರಿಗೆ ಖರ್ಚಾಗಲಿ.
✊ ಸರ್ಕಾರಿ ಯೋಜನೆಯ ಪ್ರತಿ ಮನೆಗೂ ಬೇರೆ ಅಡುಗೆ ಜಾಗ, ಕಿಟಕಿ, ಹೊಗೆ ಕೊಳವೆ.
✊ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಸಿರಿನ ಬಲ ಅಳೆಯುವ ಸ್ಪೈರೋಮೆಟ್ರಿ ಪರೀಕ್ಷೆ. 30 ದಾಟಿದ ಪ್ರತಿ ಹೆಂಗಸಿಗೂ, ಪ್ರತಿ ಕಲ್ಲುಕೋರೆ ಕಾರ್ಮಿಕನಿಗೂ ವರ್ಷಕ್ಕೊಮ್ಮೆ.
✊ ಕ್ರಷರ್ ಸುತ್ತಲಿನ ಅಂಗನವಾಡಿ, ಶಾಲೆಗಳಿಗೆ ಫಿಲ್ಟರ್, ಖನಿಜ ಪ್ರತಿಷ್ಠಾನದ ಹಣದಲ್ಲಿ.
✊ ರಾಜಸ್ಥಾನ 2019ರಲ್ಲಿ ಮಾಡಿದಂತೆ ಸಿಲಿಕೋಸಿಸ್ ರೋಗಿಗಳನ್ನು ಗುರುತಿಸಿ ಪರಿಹಾರ ಕೊಡುವ ನೀತಿ.

ಇದು ಭಿಕ್ಷೆಯಲ್ಲ. ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಮಾಲಿನ್ಯವಿಲ್ಲದ ನೀರು, ಗಾಳಿ ಸೇರಿದೆ ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಸುಭಾಷ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ಆ ಹಕ್ಕು ಬೀದಿಯಲ್ಲಿ ಶುರುವಾಗಿ ನಮ್ಮ ಮನೆ ಹೊಸ್ತಿಲಲ್ಲಿ ನಿಂತುಬಿಡಲ್ಲ.

ಉಸಿರು ನಿಂತರೆ ಏನಾಗುತ್ತೆ ಅಂತ ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. 2021ರ ಮೇ 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ ಹೋದಾಗ ದೇಶವೇ ನಮ್ಮ ಕಡೆ ತಿರುಗಿ ನೋಡಿತು. ಅದು ಒಂದು ರಾತ್ರಿಯ ಸಾವು, ಎಲ್ಲರಿಗೂ ಕಂಡಿತು. ಒಲೆಯ ಮುಂದಿನ ಸಾವು ಮೂವತ್ತು ವರ್ಷ ತಗೊಳ್ಳುತ್ತೆ, ಯಾರಿಗೂ ಕಾಣಲ್ಲ.

1927ರಲ್ಲಿ ಬಾಬಾಸಾಹೇಬರು ಮಹಾಡದ ಕೆರೆಯಲ್ಲಿ ಬೊಗಸೆ ನೀರು ಎತ್ತಿದ್ದು ಬಾಯಾರಿಕೆಗಲ್ಲ, ಮನುಷ್ಯರ ಹಕ್ಕಿಗೆ. ನೀರು ಕೇಳಿದ ಜನ ನಾವು. ಈಗ ಗಾಳಿ ಕೇಳೋಣ. ಮುಂದಿನ ಗ್ರಾಮಸಭೆಗೆ ಹೋಗುವಾಗ ನಿಮ್ಮವ್ವನನ್ನೂ ಕರ್ಕೊಂಡು ಹೋಗಿ. ಗಂಟೆ ಗುಣಿಸು ವರ್ಷ, ಆ ಲೆಕ್ಕವನ್ನು ಅವರ ಬಾಯಲ್ಲೇ ಹೇಳಿಸಿ.

ಓದಿದವರು ಶೇರ್ ಮಾಡಿ. ನಿಮ್ಮ ಮನೆಯ ಅವ್ವನ ಲೆಕ್ಕ ಎಷ್ಟಾಯ್ತು, ಕೆಳಗೆ ಬರೀರಿ.

ಜೈ ಭೀಮ್. ಜೈ ಸಂವಿಧಾನ.